ನಲವತ್ತೈದು ನಿಮಿಷದ ದಾರಿ

ಕಡಲತೀರದ ಜಯಾಪುರದಿಂದ ಬೆಟ್ಟಗಳ ನಡುವಿನ ವಾಮೆನಾಗೆ ಹೆಚ್ಚುಕಡಿಮೆ ಇನ್ನೂರ ನಲವತ್ತು ಕಿಲೋಮೀಟರ್. ಸಣ್ಣ ವಿಮಾನಕ್ಕೆ ಮುಕ್ಕಾಲು ಗಂಟೆಯ ದಾರಿ. ಅದರ ಕೊನೆಯ ಹತ್ತು ನಿಮಿಷದಲ್ಲಿ ಎರಡು ಬೆಟ್ಟಗಳ ನಡುವಿನ ಕಂಡಿಯಲ್ಲಿ ನುಸುಳಬೇಕು. ಕಂಡಿ ತೆರೆದಿದೆಯೋ ಮೋಡ ಮುಚ್ಚಿದೆಯೋ ಎಂದು ರೇಡಿಯೊದಲ್ಲಿ ಹೇಳುವುದು ಮೆರಿಯಾನಾ ಲೊಕೊಬಾಲ್‌ಳ ಕೆಲಸ. ಹತ್ತೊಂಬತ್ತು ವರ್ಷದಿಂದ ಕಂಡಿಯ ಪಕ್ಕದ ಬೆಟ್ಟದ ಹಳ್ಳಿಯ ತಗಡಿನ ಕೋಣೆಯಲ್ಲಿ ಕೂತು ಅವಳು ಅದನ್ನೇ ಮಾಡುತ್ತಿದ್ದಳು. ಏಳನೆಯ ವರ್ಷ ಒಬ್ಬ ಪೈಲಟ್ ಅವಳನ್ನು ಕೇಳದೆಯೇ ಮೋಡದೊಳಗೆ ನುಗ್ಗಿ ಬೆಟ್ಟಕ್ಕೆ ಬಡಿದಿದ್ದ. ಅವನನ್ನು ಕಾಡಿನಿಂದ ಹೊತ್ತು ತಂದವರಲ್ಲಿ ಅವಳೂ ಒಬ್ಬಳು.

ಆ ಮಂಗಳವಾರ ವಾಮೆನಾದ ಆಸ್ಪತ್ರೆಯಲ್ಲಿ ಅವಳ ತಂಗಿ ಲಿಡಿಯಾಗೆ ಹೆರಿಗೆಯಾಯಿತು. ಮಗು ಗಟ್ಟಿಯಾಗಿತ್ತು, ತಾಯಿಯ ರಕ್ತ ಮಾತ್ರ ನಿಲ್ಲಲೊಲ್ಲದು. ಅವಳದು ಅಪರೂಪದ ಗುಂಪು. ನಾಲ್ಕು ಚೀಲ ರಕ್ತ ಹೊತ್ತು ಕ್ಯಾಪ್ಟನ್ ಹೆರ್ಮಾನುಸ್ ಜಯಾಪುರ ಬಿಟ್ಟಿದ್ದ.

ಸುದ್ದಿ ಕೇಳಿ ಮೆರಿಯಾನಾಳ ತಾಯಿ ಗೆಣಸಿನ ತೋಟದಿಂದ ಮಣ್ಣುಗೈಯಲ್ಲೇ ಬಂದು ರೇಡಿಯೊ ಮುಂದೆ ಕುಕ್ಕರಿಸಿದ್ದಳು.

ಹನ್ನೊಂದೂ ಹತ್ತಕ್ಕೆ ಹೆರ್ಮಾನುಸನ ದನಿ ಕೇಳಿತು. "ಅಕ್ಕಾ, ಕಂಡಿ ಹೇಗಿದೆ?"

ಮೆರಿಯಾನಾ ಹೊರಗೆ ಬಂದು ನೋಡಿದಳು. ಬೆಳಿಗ್ಗೆ ನಿಚ್ಚಳವಾಗಿದ್ದ ಕಂಡಿಯಲ್ಲಿ ಬಿಳಿ ಮೋಡ ಬುಡದವರೆಗೆ ಇಳಿದಿತ್ತು.

ಒಳಗೆ ಬಂದ ಮಗಳ ಮುಖ ನೋಡಿಯೇ ತಾಯಿಗೆ ಗೊತ್ತಾಯಿತು. "ತೆರೆದಿದೆ ಅಂತ ಹೇಳೇ. ಅವನು ಎಷ್ಟು ಸಲ ಬಂದಿಲ್ಲ? ಕಣ್ಣು ಮುಚ್ಚಿ ಬರ್ತಾನೆ."

"ಅವ್ವಾ, ಏನೂ ಕಾಣ್ತಿಲ್ಲ."

"ನಿನ್ನ ತಂಗಿ ಕಣೇ ಅವಳು."

ಮೆರಿಯಾನಾ ಬಾಗಿಲಿಗೆ ಹೋಗಿ ಕಂಡಿಯನ್ನು ಇನ್ನೊಮ್ಮೆ ನೋಡಿ ಬಂದಳು.

"ಅಕ್ಕಾ, ಇದ್ದೀಯಾ? ಕಂಡಿ ಮುಟ್ಟೋಕೆ ನಂಗೆ ಆರು ನಿಮಿಷ ಇದೆ, ಅಷ್ಟೇ."

"ಮುಚ್ಚಿದೆ," ಎಂದಳು. "ಪೂರ್ತಿ ಮುಚ್ಚಿದೆ. ವಾಪಸ್ ಹೋಗು."

"ರಕ್ತ ಯಾರಿಗೆ ಅಂತ ಗೊತ್ತು ತಾನೇ?"

"ಗೊತ್ತು. ವಾಪಸ್ ಹೋಗು."

ಎಂಜಿನ್ನಿನ ಸದ್ದು ಬೆಟ್ಟದಾಚೆ ಸಣ್ಣಗಾಗುತ್ತ ಹೋಯಿತು. ತಾಯಿ ಎದ್ದಳು, ಮಗಳ ಕಡೆ ನೋಡದೆ ಹೊರಟುಹೋದಳು. ಮೆರಿಯಾನಾ ವಾಮೆನಾ ಆಸ್ಪತ್ರೆಗೆ ರೇಡಿಯೊ ಮಾಡಿ, ವಿಮಾನ ಈಗ ಬರುವುದಿಲ್ಲ, ಊರಲ್ಲೇ ಆ ಗುಂಪಿನವರನ್ನು ಹುಡುಕಿ ಎಂದಳು. ಆಮೇಲೆ ಬಾಗಿಲಲ್ಲಿ ನಿಂತು ಕಂಡಿಯನ್ನೇ ನೋಡಿದಳು. ನೀರು ಕೂಡ ಕುಡಿಯಲಿಲ್ಲ.

ಆಸ್ಪತ್ರೆಯವರು ಮಾರುಕಟ್ಟೆಯಲ್ಲಿ ಕೂಗಿ ಕೇಳಿದಾಗ ಅಡಿಕೆ ಮಾರುವವಳೊಬ್ಬಳು ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದು ಬಂದಳಂತೆ. ಅವಳು ಕೊಟ್ಟ ಒಂದು ಚೀಲ ರಕ್ತದಿಂದ ಲಿಡಿಯಾಳ ಜೀವ ಹೇಗೋ ಹಿಡಿದುಕೊಂಡಿತ್ತು. ಒಂದೂ ಮುಕ್ಕಾಲಿಗೆ ಗಾಳಿ ತಿರುಗಿ ಕಂಡಿಯ ನಡುವೆ ನೀಲಿ ಕಂಡಿತು. ಮೆರಿಯಾನಾ ಎರಡೆರಡು ಸಲ ನೋಡಿ, ಗಟ್ಟಿ ಮಾಡಿಕೊಂಡು ಜಯಾಪುರಕ್ಕೆ ತಿಳಿಸಿದಳು. ಎರಡೂ ನಲವತ್ತಕ್ಕೆ ಹೆರ್ಮಾನುಸ್ ವಾಮೆನಾದಲ್ಲಿ ಇಳಿದ.

ಲಿಡಿಯಾ ಬದುಕಿದಳು. ತಿಂಗಳಾದ ಮೇಲೆ ಮಗುವನ್ನು ಬೆನ್ನಿನ ಬಲೆಚೀಲದಲ್ಲಿ ಹಾಕಿಕೊಂಡು ಬೆಟ್ಟ ಹತ್ತಿ ಬಂದಳು.

"ನನ್ನ ಮೈಯಲ್ಲಿ ಈಗ ಅಡಿಕೆಯವಳ ರಕ್ತ," ಎಂದು ನಕ್ಕಳು. "ಮಾತಿಗೆ ಮುಂಚೆ ಚೌಕಾಶಿ ಮಾಡ್ತೀಯ ಅಂತಾನೆ ಗಂಡ."

ತಾಯಿ ನಗಲಿಲ್ಲ. ಒಲೆಯ ಬೂದಿಯಿಂದ ಗೆಣಸು ತೆಗೆದು ಲಿಡಿಯಾಗೆ ಕೊಟ್ಟಳು, ಇನ್ನೊಂದನ್ನು ಮೆರಿಯಾನಾಳ ಮುಂದಿಟ್ಟಳು. ಆ ಮಂಗಳವಾರದಿಂದೀಚೆಗೆ ದೊಡ್ಡ ಮಗಳ ಜೊತೆ ಅವಳು ಈಗ ಮೊದಲ ಸಲ ಮಾತಾಡಿದಳು.

"ಅವಳು ಸತ್ತಿದ್ರೆ ಏನ್ ಮಾಡ್ತಿದ್ದೆ?"

"ಗೊತ್ತಿಲ್ಲವ್ವಾ," ಎಂದಳು ಮೆರಿಯಾನಾ. ಬಿಸಿ ಗೆಣಸನ್ನು ಸುಲಿದು, ಅರ್ಧ ಮುರಿದು ತಾಯಿಯ ಕೈಗಿಟ್ಟಳು.