ಗೂಡು ಹೊತ್ತು ನಿಂತ ಗಾಡಿ

ನಮ್ಮ ಊರು ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿದೆ. ಬಯಲುಸೀಮೆಯಲ್ಲಿ ಎಂಥ ಚಳಿ ಎಂದು ಕೇಳುವವರು ಪುಷ್ಯ ಮಾಸದಲ್ಲಿ ಒಮ್ಮೆ ಬಂದು ನೋಡಬೇಕು. ಕಾಡಿನ ಕಡೆಯಿಂದ ಇಳಿಯುವ ಥಂಡಿಗೆ ಸೀಸೆಯೊಳಗಿನ ಕೊಬ್ಬರಿ ಎಣ್ಣೆ ಗಡ್ಡೆ ಕಟ್ಟುತ್ತದೆ. ನಮ್ಮ ಡೀಸೆಲ್ ಪಿಕಪ್ಪಿನ ಪಾಡೂ ಹೆಚ್ಚುಕಡಿಮೆ ಹಾಗೆಯೇ.

ಆ ವರ್ಷ ನನ್ನ ಗಂಡ ಕಾಮಗೆರೆಯ ಹತ್ತಿರ ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದರು. ಪಿಕಪ್ ಓಡಿಸುವ ಕೆಲಸ ನನಗೆ ಬಂತು. ಮದುವೆಯಾದ ಹೊಸತರಲ್ಲಿ ಅವರೇ ತಮಾಷೆಗೆಂದು ಹೊಲದಲ್ಲಿ ಕಲಿಸಿದ್ದರು. ನಾನು ತಮಾಷೆ ಮಾಡದೆ ಕಲಿತು ಲೈಸೆನ್ಸೂ ಮಾಡಿಸಿಕೊಂಡಿದ್ದೆ. ಓಡಿಸುವುದೇನೂ ಕಷ್ಟವಾಗಲಿಲ್ಲ. ಬೆಳಗ್ಗೆ ಅದನ್ನು ಎಬ್ಬಿಸುವುದೇ ಕಷ್ಟ. ಕೀಲಿಯನ್ನು ಅರ್ಧ ತಿರುಗಿಸಿದರೆ ಮುಂದೆ, ಎಂಜಿನ್ ಬಿಸಿ ಮಾಡುವ ಹೀಟರಿನ ಹಳದಿ ದೀಪ ಹತ್ತುತ್ತದೆ. ಅದು ಆರುವವರೆಗೆ ಕಾದು, ಕೀಲಿ ಹಿಂದಕ್ಕೆ ತಿರುಗಿಸಿ, ಮತ್ತೆ ಕಾದು, ಆಮೇಲೆ ಕ್ಲಚ್ ಒತ್ತಿ ಸೆಲ್ಫ್ ಹೊಡೆಯಬೇಕು. ಕೆಮ್ಮುತ್ತಾ, ಬಿಳಿ ಹೊಗೆ ಉಗುಳುತ್ತಾ ಹೇಗೋ ಏಳುತ್ತಿತ್ತು.

ರೇಷ್ಮೆ ಗೂಡು ಬಿಡಿಸಿ ಕೊಳ್ಳೇಗಾಲದ ಮಾರುಕಟ್ಟೆಗೆ ಒಯ್ಯುವ ದಿನ ಬಂತು. ಗೂಡು ಕಾಯುವ ಸರಕಲ್ಲ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬರುತ್ತದೆ, ಥಂಡಿ ಹಿಡಿದರೆ ನೂಲು ಸರಿಯಾಗಿ ಬಿಚ್ಚುವುದಿಲ್ಲ. ಚೀಲಗಳನ್ನೆಲ್ಲ ಹೇರಿ, ಟಾರ್ಪಾಲು ಬಿಗಿದು, ನಾನು ಸೀಟಿನಲ್ಲಿ ಕೂತೆ. ಕೈಗೆ ಪಟ್ಟು ಕಟ್ಟಿದ್ದ ನನ್ನ ಗಂಡ ಜಗಲಿಯ ಮೇಲೆ ಕಾಫಿ ಹಿಡಿದು ನಿಂತಿದ್ದರು. ಹಳದಿ ದೀಪ ಎರಡು ಸಲ ಹತ್ತಿ ಆರಿತು. ಸೆಲ್ಫ್ ಹೊಡೆದೆ. ಎಂಜಿನ್ ಗರಗರ ತಿರುಗಿತು, ಹಿಡಿಯಲಿಲ್ಲ.

ಇನ್ನೊಂದು ಸಲ ದೀಪಕ್ಕಾಗಿ ಕಾಯುತ್ತಿದ್ದಾಗ ಗಾಡಿಯ ಬಾಗಿಲು ತೆರೆಯಿತು. ನನ್ನ ಗಂಡನ ಚಿಕ್ಕಪ್ಪ. ಬಸ್ಸು ಓಡಿಸಿ ರಿಟೈರ್ ಆದವರು, ತಲೆಗೆ ಮಫ್ಲರ್ ಸುತ್ತಿಕೊಂಡು ಬಂದಿದ್ದರು.

"ಇಳಿಯವ್ವ ಕೆಳೀಕೆ. ದೀಪ ನೋಡ್ಕಂಡು ಕೂತ್ರೆ ಗಾಡಿ ಎದ್ದದಾ? ಒಂದೇ ಏಟ್ಗೆ ಸೆಲ್ಫ್ ಒಡೀಬೇಕು."

"ಮಾವ, ಇನ್ನೊಂದು ಗಳಿಗೆ ತಾಳಿ," ಎಂದೆ.

"ಇಳಿ ಅಂದ್ರೆ," ಎಂದರು ನನ್ನ ಗಂಡ ಜಗಲಿಯಿಂದಲೇ. "ಚಿಕ್ಕಪ್ಪಂಗೆ ಗೊತ್ತಿಲ್ವಾ?"

ಇಳಿದೆ. ಹಿರಿಯರು ಕೀಲಿ ತಿರುವಿ ಹಿಡಿದವರು ಬಿಡಲೇ ಇಲ್ಲ. ಗರಗರ ಎನ್ನುತ್ತಿದ್ದ ಸದ್ದು ಕ್ರಮೇಣ ನಿಧಾನವಾಗಿ, ಮುದುಕರ ಏದುಸಿರಿನಂತಾಗಿ, ಕೊನೆಗೆ ಬರೀ ಟಕ್ ಟಕ್ ಎಂದಿತು. ಬ್ಯಾಟರಿ ಇಳಿದುಹೋಗಿತ್ತು.

ಅಷ್ಟರಲ್ಲಿ ಎದುರುಮನೆಯ ಟ್ರ್ಯಾಕ್ಟರಿನವನು ಸ್ಪ್ಯಾನರ್ ಸಮೇತ ಬಂದ. "ಡೀಸೆಲ್ ಲೈನಲ್ಲಿ ಏರ್ ಕಟ್ಕಂಡದೆ ಕಣಣ್ಣ," ಎಂದು ನನ್ನ ಗಂಡನಿಗೆ ಹೇಳಿದ. ಗಾಡಿಯ ಪಕ್ಕದಲ್ಲೇ ನಿಂತಿದ್ದ ನನ್ನತ್ತ ತಿರುಗಲಿಲ್ಲ. ಬಾನೆಟ್ ಎತ್ತಿ, ಏನನ್ನೋ ಸಡಿಲಿಸಿ, ಏನನ್ನೋ ಒತ್ತಿ, ಅಂಗಳಕ್ಕೆಲ್ಲ ಡೀಸೆಲ್ ಚೆಲ್ಲಿದ. ಅದೂ ಆಗದಿದ್ದಾಗ ಮನೆಗೆ ಹೋಗಿ ಒಂದು ತೆಕ್ಕೆ ರಾಗಿಹುಲ್ಲು ತಂದು ಎಂಜಿನ್ನಿನ ಕೆಳಗೆ ತುರುಕತೊಡಗಿದ. ಆಯಿಲ್ ಕಾಸಿದರೆ ಗಾಡಿ ಏಳುತ್ತದಂತೆ. ಚಿಕ್ಕಪ್ಪ ಆಗಲೇ ಬೆಂಕಿಪೊಟ್ಟಣಕ್ಕೆ ಜೇಬು ತಡಕುತ್ತಿದ್ದರು.

ನಾನು ಹುಲ್ಲನ್ನು ಕಾಲಿನಿಂದ ಈಚೆಗೆಳೆದು ಅದರ ಮೇಲೆ ನಿಂತುಬಿಟ್ಟೆ.

"ಗಾಡಿ ತುಂಬ ಗೂಡದೆ, ನೆಲದ ಮೇಲೆ ಡೀಸೆಲ್ ಅದೆ. ಯಾರಾರ ಕಡ್ಡಿ ಗೀರುದ್ರೆ ನಾನು ಸುಮ್ಕಿರಕಿಲ್ಲ."

ನನ್ನ ದನಿ ನನಗೇ ಜೋರೆನಿಸಿತು. ಚಿಕ್ಕಪ್ಪ ಜೇಬಿನಿಂದ ಕೈ ತೆಗೆದರು. ನನ್ನ ಗಂಡ ಕಾಫಿ ಲೋಟ ಕೆಳಗಿಟ್ಟು, "ಸರಿ, ತಳ್ಳೋಣ," ಎಂದರು.

ಬೀದಿ ಕಟ್ಟೆಯ ಕಡೆಗೆ ಕೊಂಚ ಇಳಿಜಾರು. ನಾನು ಸೀಟಿಗೆ ಹತ್ತಿದೆ. ಹೊರೆ ಹೊತ್ತ ಗಾಡಿ ಮೂವರಿಗೆ ಜಗ್ಗಲಿಲ್ಲ. ಅದರಲ್ಲೂ ಒಬ್ಬರದು ಒಂಟಿಕೈ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸರು ಕ್ಯಾನು ಬದಿಗಿಟ್ಟು, ಸೆರಗು ಸಿಕ್ಕಿಸಿ, ಏನೊಂದೂ ಕೇಳದೆ ಕೈಕೊಟ್ಟರು. ಗಾಡಿ ಉರುಳಿತು. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಒಮ್ಮೆ ಮುಗ್ಗರಿಸಿ, ಬೀದಿಯೇ ಮುಚ್ಚಿಹೋಗುವಷ್ಟು ಹೊಗೆ ಬಿಟ್ಟು ಎಂಜಿನ್ ಎದ್ದಿತು.

ನಿಲ್ಲಿಸಿದರೆ ಮತ್ತೆ ಆರೀತೆಂಬ ಭಯಕ್ಕೆ ನಾನು ನಿಲ್ಲಿಸಲಿಲ್ಲ. ಜೊತೆಗೆ ಬರಬೇಕಿದ್ದ ನನ್ನ ಗಂಡ, ಬುತ್ತಿಯ ಚೀಲ ಹಿಡಿದು ಹಿಂದೆ ಓಡುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ಮೊದಲ ಹರಾಜು ಮುಗಿದು, ಒಳ್ಳೆಯ ಗಿರಾಕಿಗಳು ಎದ್ದುಹೋಗಿದ್ದರು. ಸಿಕ್ಕ ಬೆಲೆಗೆ ಕೊಟ್ಟು, ಹಸಿದ ಹೊಟ್ಟೆಯಲ್ಲಿ ಹೊರಬಂದೆ. ಇನ್ನು ಯಾರನ್ನು ತಳ್ಳಲು ಕರೆಯಲಿ ಎಂದುಕೊಂಡು ಸುಮ್ಮನೆ ಕೀಲಿ ತಿರುಗಿಸಿದೆ. ದಾರಿಯಲ್ಲಿ ಬ್ಯಾಟರಿ ತುಂಬಿಕೊಂಡು, ಬಿಸಿಲಿಗೆ ಕಾದಿದ್ದ ಗಾಡಿ ಮುಟ್ಟಿದ ಕೂಡಲೇ ಎದ್ದಿತು. ಸ್ಟೇರಿಂಗಿಗೆ ಒಂದು ಗುದ್ದು ಕೊಟ್ಟೆ. ಕೈ ನೋಯಿತು, ಅಷ್ಟೆ.

ಸಂಜೆ ಮನೆಗೆ ಬಂದರೆ ಎದುರುಮನೆಯವನು, ತಾನು ಏರ್ ತೆಗೆದದ್ದಕ್ಕೇ ಗಾಡಿ ಎದ್ದದ್ದೆಂದು ಬೀದಿಗೆಲ್ಲ ಹೇಳಿಯಾಗಿತ್ತು. ಚಿಕ್ಕಪ್ಪ ಅದನ್ನು ಒಪ್ಪಿರಲಿಲ್ಲ.

ಮಾರನೆಯ ದಿನ ಬಿಸಿಲೇರಿದ ಮೇಲೆ ಗಂಡನನ್ನು ಕೂರಿಸಿಕೊಂಡು ಹನೂರಿನ ಮೆಕ್ಯಾನಿಕ್ಕಿನ ಬಳಿಗೆ ಹೋದೆ. ಅವನು ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿ ನನ್ನ ಗಂಡನತ್ತ ತಿರುಗಿದ.

"ಇವು ಎರಡು ಸತ್ತೋಗವೆ ಅಂತ ದೀಪಾವಳಿಲೇ ಏಳಿದ್ನಲ್ಲ ಸಾ. ಬದಲಾಯ್ಸ್ಲೇ ಇಲ್ವಾ?"

ನನ್ನ ಗಂಡ ರಸ್ತೆಯಲ್ಲಿ ಹೋಗುತ್ತಿದ್ದ ಬೆಟ್ಟದ ಬಸ್ಸು ನೋಡುತ್ತಾ ನಿಂತರು. ಅಲ್ಲಿಗೆ ನನ್ನ ಕಾಯುವಿಕೆಯೂ ಚಿಕ್ಕಪ್ಪನ ಏಟೂ ಎರಡೂ ದಂಡ. ಹೊಸ ಪ್ಲಗ್ಗು ಹಾಕಿಸಿ ವಾಪಸು ಹೊರಟೆವು. ಅರ್ಧ ದಾರಿಯಲ್ಲಿ ಅವರೇ ಬಾಯಿಬಿಟ್ಟರು.

"ನಿಂಗೇಳಿದ್ರೆ ಎದರ್ಕತೀಯ ಅಂತ ಏಳ್ನಿಲ್ಲ ಕಣಮ್ಮಿ."

"ಗಾಡಿ ಓಡ್ಸೋಳು ನಾನು," ಎಂದೆ. "ಎದರ್ಕಳದು ಬುಡದು ನಂಗೇ ಬುಟ್ಬುಡಿ."

ಅವರು ತಲೆಯಾಡಿಸಿದರು. ನನ್ನ ಸಿಟ್ಟು ಅಷ್ಟಕ್ಕೇ ಇಳಿಯುವಂಥದ್ದಾಗಿರಲಿಲ್ಲ.