ಕುರ್ಚಿಯ ತಳದ ಗೀರುಗಳು

ಕೂತೆದ್ದು ಹೋಗುವವರು ಕುರ್ಚಿಯ ತಳ ನೋಡುವುದಿಲ್ಲ. ನಮ್ಮ ಸಭಾಭವನದ ಬಡಗಿಗೆ ಮಾತ್ರ ತಳವೇ ಕುರ್ಚಿಯ ಮುಖ.

ಎಂಟುನೂರ ಇಪ್ಪತ್ತು ಮರದ ಕುರ್ಚಿಗಳು. ಡಾಕ್ಟರುಗಳ ಸಮ್ಮೇಳನವೋ ಲಾಯರುಗಳ ಸಭೆಯೋ ಮುಗಿದ ಮಾರನೆಯ ಬೆಳಗ್ಗೆ ಅವನ್ನೆಲ್ಲ ಒಂದೊಂದಾಗಿ ಅಲುಗಾಡಿಸಿ, ನರಳಿದ್ದನ್ನು ಎತ್ತಿಕೊಂಡು ಮೆಟ್ಟಿಲಡಿಯ ತನ್ನ ಕೋಣೆಗೆ ಒಯ್ಯುತ್ತಿದ್ದ. ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ ಅವನು 'ಕುರ್ಚಿ ಮಾವ'. ಮೂವತ್ತೊಂದು ವರ್ಷದ ಚಾಕರಿ. ನಾನು ಅದೇ ಭವನದ ಬಾಗಿಲು ಕಾದವನು, ಕಂಡದ್ದನ್ನು ಹೇಳುತ್ತಿದ್ದೇನೆ.

ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಬಲ್ಬು, ಒಂದು ಅಂಟಿನ ಡಬ್ಬಿ, ಮೊಣಕಾಲುದ್ದ ಮರದ ಹೊಟ್ಟು. ರಿಪೇರಿ ಮುಗಿದ ಮೇಲೆ ಮಾವ ಕುರ್ಚಿಯನ್ನು ಮಗುಚಿ, ಉಳಿಯ ಮೊನೆಯಿಂದ ತಳದಲ್ಲಿ ಗುರುತು ಹಾಕುತ್ತಿದ್ದ. ಕಾಲು ಕೂಡಿಸಿದರೆ ಆ ಕಾಲಿನ ಬುಡದಲ್ಲಿ ಉದ್ದ ಗೀರು, ಬೆನ್ನು ಕೂಡಿಸಿದರೆ ಅಡ್ಡ ಗೀರು, ಪಕ್ಕದಲ್ಲಿ ಇಸವಿಯ ಕೊನೆಯ ಎರಡು ಅಂಕಿ.

"ಯಾರು ನೋಡ್ತಾರೆ ಅಂತ ಇದು?" ಎಂದು ಒಮ್ಮೆ ಕೇಳಿದ್ದೆ.

"ನಾನು ನೋಡ್ತೀನಲ್ಲ. ಒಂದೇ ಕಾಲಿಗೆ ಎರಡು ವರ್ಷದಲ್ಲಿ ಎರಡು ಗೀರು ಬಿದ್ರೆ ತಪ್ಪು ಕೂತೋನ ಭಾರದ್ದಲ್ಲ, ನನ್ನ ಕೈಯದು. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಆ ಮಾತು ನನಗೆ ಬರಬಾರ್ದು."

ಹೀಗಿರುವಾಗ, ದೊಡ್ಡ ಸಮ್ಮೇಳನ ನಡೆಸುವವರೆಲ್ಲ ಪರಿಸರ ಪ್ರಮಾಣಪತ್ರ ಇರುವ ಭವನವೇ ಬೇಕು ಎನ್ನತೊಡಗಿದರು. ಮ್ಯಾನೇಜರಿಗೆ ನಲವತ್ತು ಪುಟದ ಪ್ರಶ್ನೆಪಟ್ಟಿ ಬಂತು. ನೀರೆಷ್ಟು ಸುರಿಯುತ್ತೀರಿ, ಮಿಕ್ಕ ಊಟ ಎಲ್ಲಿಗೆ ಹೋಗುತ್ತದೆ, ಕುರ್ಚಿ ಮೇಜಿನ ಮರ ಯಾವ ಕಾಡಿನದು, ಪುರಾವೆ ಏನು.

"ಮಾವ, ಈ ಕುರ್ಚಿಗಳ ಮರ ಎಲ್ಲಿಂದ ಬಂತು?"

"ನನಗಿಂತ ಮುಂಚೆ ಬಂದಿದ್ದು ಸಾರ್. ಅವಕ್ಕೇ ನೆನಪಿದೆಯೋ ಇಲ್ವೋ."

"ತಮಾಷೆ ಬಿಡಿ. ಕಾಗದ ಇಲ್ಲ ಅಂದ್ರೆ ಫೇಲ್. ಇವನ್ನೆಲ್ಲ ಸೋಮವಾರ ಗುಜರಿಗೆ ಹಾಕಿ ಹಸಿರು ಚೀಟಿ ಇರೋ ಹೊಸದು ತರಿಸ್ತೀನಿ. ಮಡಚೋ ಕುರ್ಚಿ, ರಿಪೇರಿ ತಂಟೇನೇ ಇಲ್ಲ. ನಿಮ್ಮ ಕೋಣೆ ಕಸದ ಡಬ್ಬಿಗಳಿಗೆ ಬೇಕಾಗತ್ತೆ."

ಕುರ್ಚಿ ಹೋದರೆ ಕೋಣೆ ಹೋಯಿತು, ಕೋಣೆ ಹೋದರೆ ಮಾವನೂ ಹೋದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮ ಮ್ಯಾನೇಜರು. ಮಾದರಿಗೆಂದು ಹೊಸ ಕುರ್ಚಿಯೊಂದು ಬಂದಿಳಿಯಿತು. ಸುತ್ತಿದ್ದ ಪ್ಲಾಸ್ಟಿಕ್ಕನ್ನು ಬಿಚ್ಚಿ ಬಿಚ್ಚಿ ಮಾವನ ಕೈ ಸೋತಿತು. "ಪರಿಸರ ಉಳಿಸೋ ಮಹಾರಾಯ ಏಳು ಸುತ್ತು ಉಟ್ಕೊಂಡು ಬಂದಿದಾನೆ" ಎಂದ. ನಾನು ನಕ್ಕೆ, ಅವನು ನಗಲಿಲ್ಲ.

ಮನೆಯಲ್ಲಿ ಮಾವನ ಹೆಂಡತಿ ಬಿಟ್ಟಾಳೆಯೇ? "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನಿಮಗೆ ಎಂಟುನೂರ ಇಪ್ಪತ್ತು ಹೆಗ್ಗಣ" ಎಂದಳಂತೆ. ಆಮೇಲೆ ತಟ್ಟೆ ಮುಂದಿಟ್ಟು, "ಬಾಯಿಬಿಟ್ಟು ಹೇಳ್ರೀ. ನೀವು ಮಾಡಿದ್ದು ಕುರ್ಚಿಗಳಿಗೆ ಗೊತ್ತು. ಬೇರೆ ಯಾರಿಗೆ ಗೊತ್ತು?" ಎಂದಳಂತೆ.

ಶುಕ್ರವಾರ ಪ್ರಮಾಣಪತ್ರ ಕೊಡುವವರ ಕಡೆಯಿಂದ ತಪಾಸಣೆಗೆ ಒಬ್ಬ ನಡುವಯಸ್ಸಿನ ಹೆಂಗಸು ಬಂದರು. ಹೆಗಲಲ್ಲಿ ಬಟ್ಟೆ ಚೀಲ, ಅದರಲ್ಲಿ ಮನೆಯಿಂದಲೇ ತಂದ ನೀರು. ಮೀಟರು, ಅಡುಗೆಮನೆ, ಕಸ ಎಲ್ಲ ನೋಡಿ ಸಭಾಂಗಣಕ್ಕೆ ಬಂದು ಒಂದು ಕುರ್ಚಿಯಲ್ಲಿ ಕೂತರು.

"ಇವೆಲ್ಲ ಸೋಮವಾರ ಹೋಗ್ತಾವೆ ಮೇಡಂ" ಎಂದರು ಮ್ಯಾನೇಜರು ಹೆಮ್ಮೆಯಿಂದ.

"ಯಾಕೆ? ಏನಾಗಿದೆ ಇದಕ್ಕೆ?"

"ಕಾಗದ ಇಲ್ಲ."

ಬಾಗಿಲ ಬಳಿ ನನ್ನ ಪಕ್ಕ ನಿಂತಿದ್ದ ಮಾವ ಯಾರನ್ನೂ ಕೇಳದೆ ಒಳಹೋದ. ಮುಂದಿನ ಸಾಲಿನ ಕುರ್ಚಿಯೊಂದನ್ನು ಮಗುಚಿ ಹಿಡಿದ. "ಕಾಗದ ಇಲ್ಲ ತಾಯಿ. ಇದಿದೆ."

ಆಕೆ ಕನ್ನಡಕ ಏರಿಸಿ ಗೀರುಗಳನ್ನು ಎಣಿಸಿದರು. ಆಮೇಲೆ ತಾವೇ ಆರಿಸಿ ಇಪ್ಪತ್ತು ಕುರ್ಚಿ ಮಗುಚಿಸಿದರು. ಒಂದರಲ್ಲಿ ಒಂದೇ ಕಾಲಿಗೆ ಅಕ್ಕಪಕ್ಕದ ಎರಡು ವರ್ಷದ ಗೀರು. ಆಕೆ ಕೇಳುವ ಮೊದಲೇ ಮಾವ, "ಇದು ನನ್ನ ತಪ್ಪು. ಅಂಟು ಒಣಗೋ ಮುಂಚೆ ಸಭೆಗೆ ಕೊಟ್ಬಿಟ್ಟೆ" ಎಂದ.

"ಒಳ್ಳೇದು ಬರೆದಿಟ್ಟವರು ಬೇಕಾದಷ್ಟು ಸಿಗ್ತಾರೆ ಯಜಮಾನ್ರೇ. ತಪ್ಪು ಬರೆದಿಟ್ಟವರು ಅಪರೂಪ." ಆಕೆ ಮ್ಯಾನೇಜರ ಕಡೆ ತಿರುಗಿದರು. "ಮರದ ಪುರಾವೆ ಕೇಳಿರೋದು ಹೊಸದಾಗಿ ಕೊಳ್ಳೋದಕ್ಕೆ. ಇದ್ದದ್ದನ್ನೇ ಬಾಳಿಸಿದ್ರೆ ಹೆಚ್ಚು ಅಂಕ. ಹದಿನೇಳನೇ ಪುಟದಲ್ಲಿದೆ, ಓದ್ಲಿಲ್ವಾ?"

ಮ್ಯಾನೇಜರು ಹದಿನಾರನೆಯ ಪುಟಕ್ಕೇ ನಿಂತುಬಿಟ್ಟಿದ್ದರು.

ಕೊನೆಗೆ ಆಕೆ ಮಾವನ ಕೋಣೆಗೆ ಇಣುಕಿ ಮೂಗು ಮುಚ್ಚಿಕೊಂಡರು. "ಕಿಟಕಿ ಎಲ್ಲಿ? ಈ ಅಂಟಿನ ಘಾಟಲ್ಲೇ ಮೂವತ್ತೊಂದು ವರ್ಷವಾ?" ಕೆಲಸಗಾರನ ಉಸಿರಿಗೂ ಒಂದು ಪುಟ ಇತ್ತಂತೆ. ಒಂದು ತಿಂಗಳಲ್ಲಿ ಕಿಟಕಿ ಇಡದಿದ್ದರೆ ಪ್ರಮಾಣಪತ್ರ ಇಲ್ಲ ಎಂದು ಬರೆದು ಹೋದರು.

"ನೋಡಿದ್ಯಾ, ಕುರ್ಚಿ ಪಾಸು, ನಾನು ಫೇಲು" ಎಂದು ಮಾವ ಕೆಮ್ಮಿದ. ಆ ಕೆಮ್ಮು ಕೆಮ್ಮಾಗಿ ನನ್ನ ಕಿವಿಗೆ ಬಿದ್ದದ್ದು ಅಂದೇ ಮೊದಲು. ಅಷ್ಟು ವರ್ಷ ಅದನ್ನು ಅವನ ಮಾತಿನ ಭಾಗ ಅಂದುಕೊಂಡಿದ್ದೆ.

ಗುಜರಿಯ ಲಾರಿ ಖಾಲಿ ಹೋಯಿತು. ಗೋಡೆ ಒಡೆದು ಕಿಟಕಿ ಇಟ್ಟರು. ಪ್ರಮಾಣಪತ್ರವೂ ಬಂತು, ಅದಕ್ಕೆ ಮೊಳೆ ಹೊಡೆದವನು ಮಾವನೇ. ಹೊಡೆದು ಬಂದವನು ಕಿಟಕಿಯ ಬಿಸಿಲಿಗೆ ಒಂದು ಹಳೆಯ ಕುರ್ಚಿಯನ್ನು ಹಿಡಿದು ತುಂಬ ಹೊತ್ತು ನೋಡಿದ. ಬಲ್ಬಿನ ಬೆಳಕಲ್ಲಿ ನುಣ್ಣಗಿದ್ದ ಜೋಡಣೆ ಹಗಲಲ್ಲಿ ಕೂದಲೆಳೆಯಷ್ಟು ಬಾಯಿಬಿಟ್ಟಿತ್ತು.

"ಮೂರು ವರ್ಷಕ್ಕೆ ಮತ್ತೆ ತಪಾಸಣೆಗೆ ಬರ್ತಾರಂತೆ" ಎಂದ, ಉಳಿ ಕೈಗೆತ್ತಿಕೊಳ್ಳುತ್ತ. "ಅಷ್ಟರೊಳಗೆ ಎಂಟುನೂರ ಇಪ್ಪತ್ತನ್ನೂ ಒಂದ್ಸಲ ಬೆಳಕಲ್ಲಿ ನೋಡ್ಬೇಕು. ಬಾ, ಆ ಕಡೆ ಹಿಡ್ಕೋ."