ಇಂಟರ್‌ವ್ಯೂನಲ್ಲಿ ಪ್ರಶ್ನೆ ಕೇಳಿದ ಹುಡುಗಿ

ಇಂಟರ್‌ವ್ಯೂ ಕೊನೆಗೆ ‘ಎನಿ ಕ್ವಶ್ಚನ್ಸ್?’ ಅಂತ ಕೇಳಿದರೆ ‘ನೋ ಸರ್, ಥ್ಯಾಂಕ್ಯೂ ಸರ್’ ಎನ್ನಬೇಕು. ಬಳ್ಳಾರಿಯ ನಮ್ಮ ಎಂಬಿಎ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್‌ಗೆ ಮುಂಚೆ ಇದನ್ನು ಬಾಯಿಪಾಠ ಮಾಡಿಸುತ್ತಾರೆ. ಎಲ್ಲಿ ನಗಬೇಕು ಎಂಬುದನ್ನೂ ಹೇಳಿಕೊಡುತ್ತಾರೆ.

ಅದೇ ಕಾಲೇಜಿನಲ್ಲಿ ನಾನು ಕಲಿಸುವುದು ಕ್ರಿಟಿಕಲ್ ಥಿಂಕಿಂಗ್. ಯಾರು ಏನೇ ಹೇಳಲಿ, ಒಪ್ಪುವ ಮೊದಲು ಪ್ರಶ್ನಿಸು ಎಂಬ ಪಾಠ. (ವಿದ್ಯಾರ್ಥಿಗಳು ಅದಕ್ಕೆ ನೋಟ್ಸ್ ಕೇಳುತ್ತಾರೆ. ಕೊಡುತ್ತೇನೆ. ಅದನ್ನೂ ಬಾಯಿಪಾಠ ಮಾಡುತ್ತಾರೆ.)

ಕುರುಗೋಡಿನ ಅನ್ನಪೂರ್ಣ ಮಾತ್ರ ಈ ಪಾಠವನ್ನು ನಂಬಿಬಿಟ್ಟಳು. ಅವಳ ತಾಯಿ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುತ್ತಾರೆ. ಈಗೀಗ ಕಣ್ಣು ಮಂಜಾಗಿದೆ. ತನಗೊಂದು ಕೆಲಸ ಸಿಕ್ಕರೆ ತಾಯಿಯನ್ನು ಮಿಷನ್ ಮುಂದಿನಿಂದ ಎಬ್ಬಿಸಬೇಕು ಎಂಬುದು ಮಗಳ ಆಸೆ.

ಕಳೆದ ವಾರ ಒಂದು ಫೈನಾನ್ಸ್ ಕಂಪನಿ ಬಂತು. ‘ಸ್ವಂತ ಬುದ್ಧಿಯಿಂದ ಯೋಚಿಸುವವರು ಬೇಕು’ ಅಂತ ಮೊದಲ ಸ್ಲೈಡಿನಲ್ಲೇ ಇತ್ತು. ನಾನೂ ಮೂಲೆಯಲ್ಲಿ ಕೂತಿದ್ದೆ. ಅನ್ನಪೂರ್ಣಳ ಉತ್ತರಗಳಿಗೆಲ್ಲ ಎಚ್‌ಆರ್ ಸಾಹೇಬರು ತಲೆದೂಗಿದರು. ಕೊನೆಗೆ ಆ ಮಾತು ಬಂತು: ‘ಎನಿ ಕ್ವಶ್ಚನ್ಸ್?’

“ಐತ್ರಿ ಸರ,” ಅಂದಳು. “ಹೋದ ವರ್ಷ ನಮ್ಮ ಕಾಲೇಜಿಂದ ತಗೊಂಡಿದ್ರಲ್ರಿ, ಅವರೊಳಗ ಈಗ ಎಷ್ಟು ಮಂದಿ ಅದಾರ್ರಿ? ಬಿಟ್ಟವರು ಯಾಕ ಬಿಟ್ರು?”

ಸಾಹೇಬರು ನೀರು ಕುಡಿದರು. ‘ಗುಡ್ ಕ್ವಶ್ಚನ್’ ಅಂದರು. (ಉತ್ತರ ಗೊತ್ತಿಲ್ಲದಾಗ ನಾನೂ ಹಾಗೇ ಅನ್ನುವುದು.)

ಸಂಜೆ ಲಿಸ್ಟ್ ಬಂತು. ಸಿರುಗುಪ್ಪದ ಮಂಜುನಾಥ ಆಯ್ಕೆಯಾಗಿದ್ದ. ಅವನು ಎಲ್ಲದಕ್ಕೂ ‘ಯೆಸ್ ಸರ್’ ಅಂದಿದ್ದ, ಹೆಸರು ಕೇಳಿದಾಗಲೂ. ಅನ್ನಪೂರ್ಣಳ ಹೆಸರಿರಲಿಲ್ಲ. ‘ಹುಡುಗಿ ಚುರುಕು, ಆದರೆ ಆ್ಯಟಿಟ್ಯೂಡ್ ಜಾಸ್ತಿ’ ಅಂತ ಷರಾ.

ನನಗೆ ತಡವಾಗಿ ಹೊಳೆಯಿತು. ಕಂಪನಿಗೆ ಪ್ರಶ್ನೆ ಕೇಳುವವರು ಬೇಕು ನಿಜ. ಆದರೆ ಕೇಳಬೇಕಾದದ್ದು ಗಿರಾಕಿಯನ್ನು, ಕಂಪನಿಯನ್ನಲ್ಲ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಯಾಕೆ?

ಪ್ರಿನ್ಸಿಪಾಲರು ಕರೆಸಿದರು. “ಮುಂದಿನ ಸಲ ನಿಮ್ಮ ಸಬ್ಜೆಕ್ಟ್ ಪ್ಲೇಸ್‌ಮೆಂಟ್ ಮುಗಿದ ಮ್ಯಾಲೆ ಇಟ್ಕೊಳ್ರಿ,” ಅಂದರು. ನಾನು ನಕ್ಕೆ. ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ, ಟೈಮ್‌ಟೇಬಲ್ ತಿದ್ದುತ್ತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಅನ್ನಪೂರ್ಣ ಕುರುಗೋಡಿನ ಬಸ್ಸಿಗೆ ಕಾಯುತ್ತಿದ್ದಳು. ನೀನು ಕೇಳಿದ್ದು ಸರಿಯಾಗೇ ಇತ್ತಮ್ಮಾ, ಅಂದೆ. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ.

“ಕೇಳೋದು ಚಲೋ ಕಲಿಸಿದ್ರಿ ಸರ. ಕೇಳಿದ ಮ್ಯಾಲೆ ಮನಿಗೆ ಹೋಗಿ ಅವ್ವಗ ಏನು ಹೇಳಬೇಕು, ಅದು ಯಾವ ಚಾಪ್ಟರ್‌ನ್ಯಾಗ ಐತ್ರಿ?”